ಅಂಕಪಟ್ಟಿಯ ಮೇಲಿಟ್ಟ ಕೈ

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡದ ಹೆಣ್ಣುಮಕ್ಕಳಿಂದ ಕಳೆದ ನಾಲ್ಕೈದು ವರ್ಷಗಳಲ್ಲಿ ಆಪ್ತಸಲಹೆಗಾರ್ತಿಯಾದ ನನಗೆ ಹೆಚ್ಚುಕಡಿಮೆ ಒಂದೇ ಮಾತಿನ ಕರೆಗಳು ಬರುತ್ತಿವೆ. "ಮೇಡಂ, ನನಗೆ ಡಿಗ್ರಿ ಇದೆ, ಇಲ್ಲಿನ ಶಾಲೆಯಲ್ಲಿ ಕೆಲಸ ಮಾಡಿದ ಅನುಭವವೂ ಇದೆ, ಆದರೂ ಟೀಚರ್ ಟ್ರೈನಿಂಗಿಗೆ ಹಾಕಿದರೆ ಹತ್ತನೇ ಕ್ಲಾಸಿನ ಮಾರ್ಕ್ಸ್ ಕೇಳುತ್ತಾರೆ, ಇದೆಂಥ ನ್ಯಾಯ?" ಎನ್ನುವುದು ಆ ಮಾತು. ಇವರಲ್ಲಿ ಕೆಲವರದು ನಿಜಕ್ಕೂ ಕಾಗದಪತ್ರದ ತೊಡಕು. ಒಂದು ಗಂಟೆಯ ಮಾತಿನಲ್ಲಿ, ಎರಡು ಮಿಂಚಂಚೆಗಳಲ್ಲಿ ಬಗೆಹರಿಯುತ್ತದೆ. ಇನ್ನು ಕೆಲವರಲ್ಲಿ ಕಾಗದದ ಹಿಂದೆ ಬೇರೇನೋ ಇರುತ್ತದೆ. ಅಂಥ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನಾನು ಕೊಟ್ಟ ಸಲಹೆಯ ಒಂದು ಭಾಗವನ್ನು ಇಂದೂ ಸಮರ್ಥಿಸುತ್ತೇನೆ. ಇನ್ನೊಂದು ಭಾಗದ ಬಗ್ಗೆ ನನಗೆ ಸಮಾಧಾನವಿಲ್ಲ. ಬರೆಯಲು ಕಾರಣವೂ ಅದೇ.

ಆಕೆಗೆ ವಯಸ್ಸು ಮೂವತ್ತೇಳು. ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು. 2004ರ ಎಸೆಸೆಲ್ಸಿ, ಆಮೇಲೆ ಕಲಾ ವಿಭಾಗದಲ್ಲಿ ಪಿಯುಸಿ, ನಂತರ ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡ ವಿಷಯಗಳಲ್ಲಿ ಬಿ.ಎ. ಮದುವೆಯಾಗಿ ಹದಿನಾಲ್ಕು ವರ್ಷ. ಗಂಡ ಸಾಫ್ಟ್‌ವೇರ್ ಇಂಜಿನಿಯರ್. ಏಳು ವರ್ಷಗಳಿಂದ ಸಂಸಾರ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿದ್ದು, ಕಾಯಂ ವಾಸದ ಪರವಾನಗಿಯೂ ಸಿಕ್ಕಿತ್ತು. ಮಗಳು ಹೋಗುತ್ತಿದ್ದ ಪ್ರಾಥಮಿಕ ಶಾಲೆಯಲ್ಲೇ ಆಕೆ ಎರಡು ವರ್ಷಗಳಿಂದ ಟೀಚಿಂಗ್ ಅಸಿಸ್ಟೆಂಟ್ ಆಗಿದ್ದರು. ಮುಖ್ಯ ಶಿಕ್ಷಕಿ ಒಂದು ದಿನ ತಾವಾಗಿಯೇ ಕರೆದು, ನೀವು ತರಬೇತಿ ಪಡೆದು ಪೂರ್ಣ ಪ್ರಮಾಣದ ಶಿಕ್ಷಕಿಯಾಗಬೇಕು ಎಂದು ಹೇಳಿದ ಮೇಲೆ ಈ ಆಸೆ ಗಟ್ಟಿಯಾಯಿತು. ಗಂಡನಿಗಂತೂ ಹೆಂಡತಿಗಿಂತ ಹೆಚ್ಚಿನ ಉತ್ಸಾಹ. ಇಷ್ಟೆಲ್ಲ ಇದ್ದೂ ಆಕೆ ಅರ್ಜಿಯನ್ನು ಎಂಟು ತಿಂಗಳು ಅರ್ಧಕ್ಕೇ ನಿಲ್ಲಿಸಿ, ಪ್ರತಿ ವಾರವೂ ಒಂದೊಂದು ನೆಪ ಹೇಳುತ್ತಿದ್ದರು. ನನ್ನನ್ನು ಸಂಪರ್ಕಿಸಿದಾಗ ಹೇಳಿದ ಕಾರಣವೂ ಅಂಥ ಒಂದು ನೆಪವೇ ಆಗಿತ್ತು: "ಇವರ ನಿಯಮವೇ ಅರ್ಥವಾಗುತ್ತಿಲ್ಲ."

ಆ ನಿಯಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮವರಲ್ಲಿ ಬಹುಪಾಲು ಜನ ಎಡವುವುದು ಇಲ್ಲೇ. ಇಂಗ್ಲೆಂಡಿನಲ್ಲಿ ಕ್ಯೂಟಿಎಸ್ ಎಂಬ ಅಧಿಕೃತ ಶಿಕ್ಷಕ ಮಾನ್ಯತೆ ಕೊಡುವ ತರಬೇತಿಗೆ ಸೇರುವ ಪ್ರತಿಯೊಬ್ಬರೂ ಇಂಗ್ಲಿಷ್ ಮತ್ತು ಗಣಿತದಲ್ಲಿ ಜಿಸಿಎಸ್‌ಇ ನಾಲ್ಕನೇ ಗ್ರೇಡಿಗೆ ಸಮನಾದ ಮಟ್ಟವನ್ನು ಮುಟ್ಟಿರಬೇಕು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಲಿಸುವವರಾದರೆ ವಿಜ್ಞಾನದಲ್ಲೂ ಅಷ್ಟೇ ಮಟ್ಟ ಬೇಕು. ಜಿಸಿಎಸ್‌ಇ ಎಂದರೆ ಅಲ್ಲಿನ ಮಕ್ಕಳು ಹದಿನಾರನೇ ವಯಸ್ಸಿನಲ್ಲಿ ಬರೆಯುವ ಪರೀಕ್ಷೆ, ನಮ್ಮ ಎಸೆಸೆಲ್ಸಿಯ ಜಾಗದಲ್ಲಿರುವುದು. 2017ರಿಂದ ಅದರ ಹಳೆಯ ಅಕ್ಷರದ ಗ್ರೇಡುಗಳ ಜಾಗಕ್ಕೆ 9ರಿಂದ 1ರವರೆಗಿನ ಅಂಕಿಗಳು ಬಂದವು. ಹಿಂದೆ 'ಸಿ' ಎನ್ನುತ್ತಿದ್ದುದು ಈಗಿನ 4. ಸ್ನಾತಕೋತ್ತರ ತರಬೇತಿಗೆ ಇದರ ಜೊತೆಗೆ ಪದವಿಯೂ ಬೇಕು. ಇದರ ಜೊತೆಗೆ ಎಂಬ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಪದವಿಯು ಶಾಲಾ ಅರ್ಹತೆಯನ್ನು ನುಂಗಿಹಾಕುವುದಿಲ್ಲ. ಎಂ.ಎ. ಇದ್ದರೂ, ಪಿಎಚ್‌ಡಿ ಇದ್ದರೂ, ಶಾಲೆಯ ಗಣಿತದ ಪ್ರಶ್ನೆ ಹಾಗೇ ಉಳಿಯುತ್ತದೆ.

ನಮ್ಮಲ್ಲಿ ಓದಿದವರಿಗೆ ಇದು ಅವಮಾನದಂತೆ ಕಾಣುವುದು ಸಹಜ. ನಮ್ಮ ಮನಸ್ಸಿನಲ್ಲಿ ಓದು ಮೆಟ್ಟಿಲಿದ್ದಂತೆ. ಮೇಲಿನದನ್ನು ಹತ್ತಿದ ಮೇಲೆ ಕೆಳಗಿನದನ್ನು ಯಾರೂ ಎಣಿಸುವುದಿಲ್ಲ. ಪದವಿಯಾದ ಮೇಲೆ ಎಸೆಸೆಲ್ಸಿ ಅಂಕಪಟ್ಟಿ ಹುಟ್ಟಿದ ದಿನಾಂಕಕ್ಕೊಂದು ಪುರಾವೆಯಾಗಿ ಪೆಟ್ಟಿಗೆ ಸೇರುತ್ತದೆ. ಆದರೆ ಶಿಕ್ಷಕ ವೃತ್ತಿಯ ವಿಷಯದಲ್ಲಿ ನಮ್ಮ ವ್ಯವಸ್ಥೆಯೂ ಇಷ್ಟು ಸಡಿಲವಾಗಿಲ್ಲ ಎಂಬುದನ್ನು ಮರೆಯಬಾರದು. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಗೆ ಕಲಿಸಬಯಸುವವರು ಬರೆಯುವ ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ 150 ಅಂಕಗಳಲ್ಲಿ 30 ಗಣಿತಕ್ಕೇ ಮೀಸಲು. ಕಾರಣ ಎರಡು ಕಡೆಯೂ ಒಂದೇ. ಪ್ರಾಥಮಿಕ ಶಾಲೆಯ ಶಿಕ್ಷಕಿ ಭಾಷೆಯನ್ನೂ ಗಣಿತವನ್ನೂ ವಿಜ್ಞಾನವನ್ನೂ ಒಬ್ಬಳೇ ಕಲಿಸುತ್ತಾಳೆ, ಆಕೆಯ ಬಿ.ಎ.ಯ ಇತಿಹಾಸ ಆಕೆಗೆ ಭಿನ್ನರಾಶಿ ಕಲಿಸುವ ಶಕ್ತಿಯನ್ನು ಕೊಡುವುದಿಲ್ಲ.

ನಮ್ಮ ಎಸೆಸೆಲ್ಸಿಯನ್ನು ಅಲ್ಲಿ ಒಪ್ಪುತ್ತಾರೆಯೇ ಎಂದರೆ, ಒಪ್ಪುವುದೂ ಉಂಟು, ಒಪ್ಪದಿರುವುದೂ ಉಂಟು. ಹೊರದೇಶದ ಅರ್ಹತೆಗಳನ್ನು ಹೋಲಿಸಿ ಪತ್ರ ಕೊಡುವ ಯುಕೆ ಎನಿಕ್ ಎಂಬ ಸಂಸ್ಥೆಯಿದೆ. ಆದರೆ ಅಭ್ಯರ್ಥಿಯ ಶಾಲಾ ಅರ್ಹತೆ ಬೇಕಾದ ಮಟ್ಟದ್ದೇ ಎಂದು ಕೊನೆಗೆ ತೀರ್ಮಾನಿಸುವುದು ಆಯಾ ತರಬೇತಿ ಸಂಸ್ಥೆ. ಆದ್ದರಿಂದ ಒಂದೇ ಅಂಕಪಟ್ಟಿಗೆ ಎರಡು ಕಡೆ ಎರಡು ಉತ್ತರ ಬರಬಹುದು. ಈ ಕಾರಣಕ್ಕೇ ಅರ್ಜಿ ಹಾಕುವ ಮೊದಲು ಸಂಸ್ಥೆಗೆ ನೇರವಾಗಿ ಬರೆದು, ಅಂಕಪಟ್ಟಿಯ ಪ್ರತಿ ಲಗತ್ತಿಸಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸ್ಕಾಟ್ಲೆಂಡಿನಲ್ಲಿ ನಿಯಮಗಳೇ ಬೇರೆ. ಅಲ್ಲಿ ಇಂಗ್ಲಿಷಿಗೆ ಹೈಯರ್ ಎಂಬ ಮೇಲಿನ ಹಂತದ ಅರ್ಹತೆ ಕೇಳುತ್ತಾರೆ. ಹಾಗಾಗಿ ಎಡಿನ್‌ಬರೋದಲ್ಲಿರುವ ಗೆಳತಿಯ ಅನುಭವ ಲಂಡನ್ನಿನಲ್ಲಿರುವವರಿಗೆ ದಾರಿ ತೋರಿಸಲಾರದು.

ವಿಡಿಯೊ ಕರೆಯ ಮೊದಲ ಎರಡು ಭೇಟಿಗಳಲ್ಲಿ ನಾವು ಮಾತನಾಡಿದ್ದು ಇದನ್ನೇ. ಆಕೆ ಆಸಕ್ತಿಯಿಂದ ಕೇಳಿಸಿಕೊಂಡರು, ಟಿಪ್ಪಣಿ ಮಾಡಿಕೊಂಡರು. ಸಂಸ್ಥೆಗೆ ಬರೆಯಲು ಅಂಕಪಟ್ಟಿಯನ್ನು ಸ್ಕ್ಯಾನ್ ಮಾಡಿಟ್ಟುಕೊಳ್ಳಿ ಎಂದರೆ ಮಾತ್ರ ಪ್ರತಿ ಸಲವೂ ಮಾತು ಬೇರೆಡೆಗೆ ತಿರುಗುತ್ತಿತ್ತು. ಒಮ್ಮೆ ಅದು ಊರಿನಲ್ಲಿ ಅಮ್ಮನ ಬೀರುವಿನಲ್ಲಿದೆ ಎಂದರು. ಇನ್ನೊಮ್ಮೆ, ಸಿಕ್ಕಿದೆ, ಆದರೆ ಲ್ಯಾಮಿನೇಶನ್ ಮಾಡಿಸಿದ್ದರಿಂದ ಸ್ಕ್ಯಾನ್ ಸರಿಯಾಗಿ ಬರುತ್ತಿಲ್ಲ ಎಂದರು. ಎರಡನೆಯ ಭೇಟಿಯ ಕೊನೆಯಲ್ಲಿ ತೀರ ತಗ್ಗಿದ ದನಿಯಲ್ಲಿ ಕೇಳಿದರು: ಪರಿಚಯದ ಗುಂಪಿನಲ್ಲಿ ಒಬ್ಬರು, ಜಿಸಿಎಸ್‌ಇಗೆ ಸಮನಾದ ಮಟ್ಟವಿದೆ ಎಂದು ತೋರಿಸುವ ಸಮಾನತಾ ಪ್ರಮಾಣಪತ್ರವನ್ನು ಒಂದೇ ವಾರದಲ್ಲಿ ಮಾಡಿಸಿಕೊಡುತ್ತಾರಂತೆ, ಪರೀಕ್ಷೆಯೇ ಬೇಡವಂತೆ, ಅದು ನಡೆಯುತ್ತದೆಯೇ? ನಾನು ನೇರವಾಗಿಯೇ ಹೇಳಿದೆ, ನಡೆಯುವುದಿಲ್ಲ, ನಡೆದರೂ ಮಾಡಬಾರದು. ಪರೀಕ್ಷೆಯಿಲ್ಲದ ಪ್ರಮಾಣಪತ್ರ ಸುಳ್ಳು ದಾಖಲೆ; ಅದು ಹೊರಬಿದ್ದ ದಿನ ಹೋಗುವುದು ಒಂದು ಸೀಟಷ್ಟೇ ಆಗಿರುವುದಿಲ್ಲ, ಮಕ್ಕಳ ನಡುವೆ ಕೆಲಸ ಮಾಡುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾದ ನಂಬಿಕೆಯೂ ಹೋಗುತ್ತದೆ. ಆಕೆ ತಕ್ಷಣ, "ಇಲ್ಲ ಮೇಡಂ, ಸುಮ್ಮನೆ ಕೇಳಿದೆ" ಎಂದರು. ಸುಮ್ಮನೆ ಕೇಳಿದ್ದಲ್ಲ ಎಂದು ನನಗೆ ತಿಳಿಯಿತು. ಆದರೆ ಕಾನೂನು ಮುರಿಯುವ ಸ್ವಭಾವ ಆಕೆಯದಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿತ್ತು. ಇಷ್ಟು ನೇರ ಹೆಣ್ಣುಮಗಳನ್ನು ಇಂಥ ಮಾತಿನವರೆಗೆ ದೂಡಿದ್ದು ಯಾವುದು ಎಂಬ ಪ್ರಶ್ನೆಯನ್ನು ನಾನು ಮೂರನೆಯ ಭೇಟಿಗೆ ಎತ್ತಿಟ್ಟುಕೊಂಡೆ.

ಆ ಮೂರನೆಯ ಭೇಟಿ ಏಪ್ರಿಲ್ ತಿಂಗಳಲ್ಲಿ ನಡೆಯಿತು. ಅವರಿಗೆ ಸಂಜೆ ನಾಲ್ಕು, ಬೆಂಗಳೂರಿನಲ್ಲಿ ನನಗೆ ರಾತ್ರಿ ಎಂಟೂವರೆ. ಶಾಲೆಯಿಂದ ಆಗಷ್ಟೇ ಬಂದಿದ್ದರು. ಕೊರಳಲ್ಲಿ ಶಾಲೆಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಆ ದಿನ ನಾನು ಅಂಕಪಟ್ಟಿಯ ಮಾತೆತ್ತಲಿಲ್ಲ. ಇವತ್ತು ಶಾಲೆಯಲ್ಲಿ ಏನು ಮಾಡಿದಿರಿ ಎಂದಷ್ಟೇ ಕೇಳಿದೆ. ಆಕೆಯ ಮುಖ ಅರಳಿತು. ಎರಡನೇ ತರಗತಿಯಲ್ಲಿ ಗಣಿತದಲ್ಲಿ ಹಿಂದುಳಿದ ಐದು ಮಕ್ಕಳನ್ನು ಒಂದು ಮೇಜಿನ ಸುತ್ತ ಕೂರಿಸಿಕೊಂಡು ಪಾಠ ಮಾಡಿಸುವುದು ಆಕೆಯ ಕೆಲಸ. ಹತ್ತು ಮನೆಗಳ ಚೌಕದಲ್ಲಿ ಕೆಂಪು ಹಳದಿ ಬಿಲ್ಲೆಗಳನ್ನು ಇಟ್ಟು, ಹದಿಮೂರರಲ್ಲಿ ಏಳು ಹೋದರೆ ಎಷ್ಟು ಎಂಬುದನ್ನು ಮೊದಲು ಮೂರು ತೆಗೆದು ಹತ್ತಕ್ಕೆ ಇಳಿದು, ಆಮೇಲೆ ನಾಲ್ಕು ತೆಗೆದು ಆರಕ್ಕೆ ಬರುವುದನ್ನು ಕೈಯಲ್ಲೇ ಮಾಡಿಸುವ ಕ್ರಮವನ್ನು ಆಕೆ ನನಗೆ ಬಾಯಲ್ಲಿ ಹೇಳುವ ಬದಲು, ಮೇಜಿನ ಮೇಲಿದ್ದ ಕಡಲೆಬೀಜಗಳನ್ನು ಸಾಲಾಗಿ ಜೋಡಿಸಿ ಕ್ಯಾಮೆರಾ ಬಗ್ಗಿಸಿ ತೋರಿಸಿದರು. ಅಷ್ಟು ಚೊಕ್ಕವಾಗಿ ವ್ಯವಕಲನ ಹೇಳಿಕೊಟ್ಟವರನ್ನು ನಾನು ಹೆಚ್ಚು ಕಂಡಿಲ್ಲ.

ಆಮೇಲೆ ಒಬ್ಬ ಹುಡುಗನ ವಿಷಯ ಹೇಳಿದರು. "ಅವನು ಲೆಕ್ಕ ಮಾಡುವಾಗ ಪುಸ್ತಕದ ಮೇಲೆ ಮೊಣಕೈ ಅಡ್ಡ ಇಟ್ಟು ಮುಚ್ಚಿಕೊಳ್ಳುತ್ತಾನೆ ಮೇಡಂ. ಕೈ ತೆಗಿ ಅಂತ ಟೀಚರ್ ಹೇಳಿದರೆ ಇನ್ನೂ ಒತ್ತಿ ಹಿಡಿಯುತ್ತಾನೆ. ನಾನು ಕೈ ತೆಗಿ ಅನ್ನುವುದಿಲ್ಲ. ನನ್ನ ಹಾಳೆಯಲ್ಲಿ ನಾನೂ ಒಂದು ಲೆಕ್ಕ ಮಾಡಿ, ಬೇಕಂತಲೇ ಒಂದು ಕಡೆ ತಪ್ಪಿ, ಅಯ್ಯೋ ತಪ್ಪಾಯಿತಲ್ಲ ಅಂತ ಅವನ ಕಡೆ ತಿರುಗಿಸುತ್ತೇನೆ. ಅವನು ನನ್ನ ತಪ್ಪು ತಿದ್ದಲು ಕೈ ತೆಗೆಯುತ್ತಾನೆ. ಆಗ ಅವನ ಪುಸ್ತಕ ತಾನಾಗೇ ಕಾಣುತ್ತದೆ." ಇದನ್ನು ನಿಮಗೆ ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಯಾರೂ ಇಲ್ಲ ಎಂದರು. ಒಂದು ಕ್ಷಣ ಬಿಟ್ಟು, "ನಾನೂ ಹಾಗೇ ಮುಚ್ಚಿಕೊಳ್ಳುತ್ತಿದ್ದೆ" ಎಂದರು.

ಅಷ್ಟು ಹೊತ್ತೂ ಮೇಜಿನ ಮೇಲೆ, ಕಡಲೆಬೀಜಗಳ ಪಕ್ಕದಲ್ಲಿ, ಲ್ಯಾಮಿನೇಶನ್ ಮಾಡಿಸಿದ ಒಂದು ಕಾಗದವಿತ್ತು. ನನಗೆ ತೋರಿಸಲೆಂದೇ ತಂದಿಟ್ಟುಕೊಂಡಿದ್ದರೋ ಏನೋ, ಕೇಳಲಿಲ್ಲ. ಅದರ ಮೇಲೆ ಆಕೆಯ ಎಡಗೈ ಅಂಗೈ ಕೆಳಗಾಗಿ ಹರಡಿಕೊಂಡಿತ್ತು. ನಾನು ಹೇಳಿದ್ದು ಇಷ್ಟೇ: "ಈಗ ನಿಮ್ಮ ಎಡಗೈ ಎಲ್ಲಿದೆ ನೋಡಿಕೊಳ್ಳಿ."

ಆಕೆ ನೋಡಿಕೊಂಡರು. ಬಹಳ ಹೊತ್ತು ಮಾತಿಲ್ಲ. ಕರೆ ಕಡಿದುಹೋಯಿತೇನೋ ಎಂದು ನನಗೆ ಅನುಮಾನ ಬರುವಷ್ಟು ಹೊತ್ತು. ಹಾಗೆ ಹೇಳಬಾರದಿತ್ತೇನೋ ಎಂದು ಆ ಮೌನದಲ್ಲಿ ನನಗೆ ಅನ್ನಿಸಿದ್ದು ನಿಜ. ಎದುರಿಗಿದ್ದವರ ಮಾತನ್ನೇ ಹಿಡಿದು ಅವರಿಗೆ ತೋರಿಸುವುದು ಆಪ್ತಸಲಹೆಯಲ್ಲಿ ಬಹಳ ಎಚ್ಚರದಿಂದ ಮಾಡಬೇಕಾದ ಕೆಲಸ, ಸ್ವಲ್ಪ ತಪ್ಪಿದರೂ ಅದು ಹಂಗಿಸಿದಂತೆ ಕೇಳುತ್ತದೆ. ಆಕೆ ಕೈ ತೆಗೆದರು. ಒಂದರ ಕೆಳಗೆ ಇನ್ನೊಂದಿತ್ತು, ಒಟ್ಟು ಎರಡು ಅಂಕಪಟ್ಟಿಗಳು. ಮೊದಲನೆಯದು ಮಾರ್ಚ್ ತಿಂಗಳ ಪರೀಕ್ಷೆಯದು, ಗಣಿತದಲ್ಲಿ 27. ಎರಡನೆಯದು ಪೂರಕ ಪರೀಕ್ಷೆಯದು, ಗಣಿತದಲ್ಲಿ 35. ಉಳಿದ ಎಲ್ಲ ವಿಷಯಗಳಲ್ಲೂ ಅಂಕಗಳು ಚೆನ್ನಾಗಿದ್ದವು. 125ಕ್ಕೆ ಕನ್ನಡದಲ್ಲಿ ನೂರು ದಾಟಿತ್ತು. "ನಮ್ಮನೆಯವರಿಗೆ ಗೊತ್ತಿಲ್ಲ ಮೇಡಂ" ಎಂದರು. "ಮದುವೆ ಮಾತುಕತೆಯಲ್ಲಿ ಫಸ್ಟ್ ಕ್ಲಾಸ್ ಹುಡುಗಿ ಅಂತ ನಮ್ಮಪ್ಪ ಹೇಳಿಬಿಟ್ಟಿದ್ದರು. ಅವರ ಮನೆಯಲ್ಲಿ ಎಲ್ಲರೂ ಇಂಜಿನಿಯರ್‌ಗಳು. ಹದಿನಾಲ್ಕು ವರ್ಷ ಇದನ್ನು ನನ್ನ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಅರ್ಜಿ ಹಾಕಿದರೆ ಅಪ್‌ಲೋಡ್ ಮಾಡುವವರು ಅವರೇ."

ನಿಯಮ ಅರ್ಥವಾಗದೆ ಆಕೆ ನಿಂತಿರಲಿಲ್ಲ ಎಂಬುದು ಆಗ ನನಗೆ ಖಚಿತವಾಯಿತು. ನಿಯಮ ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಸಂಪರ್ಕಕ್ಕೆ ಬರುವ ಮೊದಲೇ ಒಂದು ತರಬೇತಿ ಸಂಸ್ಥೆಗೆ ತಾವೊಬ್ಬರೇ ಬರೆದು ಉತ್ತರ ಪಡೆದಿದ್ದರು. ಅದನ್ನೂ ಆ ದಿನವೇ ಓದಿ ಹೇಳಿದರು. ಪದವಿ ಸರಿ, ಇಂಗ್ಲಿಷ್ ಮತ್ತು ವಿಜ್ಞಾನದ ಅಂಕಗಳನ್ನು ಒಪ್ಪುತ್ತೇವೆ, ಗಣಿತದ ಅಂಕ ನಾಲ್ಕನೇ ಗ್ರೇಡಿಗೆ ಸಮನೆಂದು ಪರಿಗಣಿಸಲಾಗುವುದಿಲ್ಲ, ಜಿಸಿಎಸ್‌ಇ ಬರೆಯಿರಿ ಅಥವಾ ನಮಗೆ ಒಪ್ಪಿಗೆಯಾದ ಸಮಾನತಾ ಪರೀಕ್ಷೆ ಬರೆಯಿರಿ ಎಂದು ಮೂರು ಸಾಲಿನಲ್ಲಿ ಅದರಲ್ಲಿತ್ತು. ಆ ಸಂಸ್ಥೆಯವರು ಗೌರವದಿಂದಲೇ ಬರೆದಿದ್ದರು. ಆದರೆ ಇಪ್ಪತ್ತು ವರ್ಷದ ಹಿಂದೆ ಊರಿನ ಗಣಿತದ ಮೇಷ್ಟ್ರು, "ಇವಳಿಗೆ ಲೆಕ್ಕ ಹತ್ತಲ್ಲ ಬಿಡ್ರಿ" ಎಂದು ಅಪ್ಪನ ಎದುರು ಹೇಳಿದ ಮಾತೇ ಆ ಮೂರು ಸಾಲಿನಲ್ಲಿ ಆಕೆಗೆ ಕೇಳಿಸಿತ್ತು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 2024ರಿಂದ ಕರ್ನಾಟಕದಲ್ಲಿ ಎಸೆಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಯಾವುದರಲ್ಲಿ ಹೆಚ್ಚು ಅಂಕ ಬಂದಿದೆಯೋ ಅದನ್ನು ಉಳಿಸಿಕೊಳ್ಳಬಹುದು. 'ಸಪ್ಲಿಮೆಂಟರಿ' ಎಂಬ ಪದವನ್ನು ಹೊತ್ತು ತಿರುಗಬೇಕಾದ ಹೊರೆ ಈಗಿನ ಮಕ್ಕಳಿಗೆ ಅಷ್ಟಿಲ್ಲ. ಆದರೆ ಆಕೆಯ ತಲೆಮಾರಿನ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಜೂನ್ ತಿಂಗಳ ಆ ಎರಡನೇ ಅಂಕಪಟ್ಟಿಯನ್ನು ತವರಿನಿಂದ ಗಂಡನ ಮನೆಗೆ, ಅಲ್ಲಿಂದ ಹೊರದೇಶಕ್ಕೆ ಮುಚ್ಚಿಟ್ಟುಕೊಂಡೇ ಸಾಗಿಸಿದ್ದಾರೆ ಎಂಬುದನ್ನು ನನ್ನ ಕೋಣೆಯಲ್ಲಿ ನಾನು ನೋಡುತ್ತಲೇ ಇದ್ದೇನೆ. ಒಂದು ವಿಷಯದಲ್ಲಿ ಎಂಟು ಅಂಕ ಕಡಿಮೆ ಬಿದ್ದದ್ದು ಅಪರಾಧವಲ್ಲ. ಅದನ್ನು ಅಪರಾಧವೆಂದು ನಂಬಿಸಿದವರು ನಾವು, ದೊಡ್ಡವರು.

ಅದೇ ಭೇಟಿಯಲ್ಲಿ, ಸಮಯ ಮೀರಿದ್ದರೂ, ನಾನು ಜಿಸಿಎಸ್‌ಇ ಗಣಿತದ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತೆರೆಯಲು ಹೇಳಿದೆ. ಆಕೆ ಅದುವರೆಗೆ ಒಂದನ್ನೂ ನೋಡಿರಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಆ ಪರೀಕ್ಷೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೇಲಿನ ಹಂತದವರಿಗೆ 9ರವರೆಗೂ ಗ್ರೇಡು ಸಿಗುತ್ತದೆ. ಫೌಂಡೇಶನ್ ಎಂಬ ಕೆಳಗಿನ ಹಂತದಲ್ಲಿ ಹೆಚ್ಚೆಂದರೆ 5. ಶಿಕ್ಷಕ ತರಬೇತಿಗೆ ಬೇಕಾದದ್ದು 4. ಅಂದರೆ ಫೌಂಡೇಶನ್ ಬರೆದರೂ ಸಾಕು. ಒಂದೂವರೆ ಗಂಟೆಯ ಮೂರು ಪತ್ರಿಕೆಗಳು, ಮೊದಲನೆಯದಕ್ಕೆ ಕ್ಯಾಲ್ಕುಲೇಟರ್ ಇಲ್ಲ. ನಾವು ತೆರೆದ ಪುಟದಲ್ಲಿ ಇಂಥ ಒಂದು ಪ್ರಶ್ನೆಯಿತ್ತು: ಹನ್ನೆರಡು ಬಿಸ್ಕತ್ತಿಗೆ 150 ಗ್ರಾಂ ಹಿಟ್ಟು ಬೇಕಾದರೆ, ಮೂವತ್ತು ಬಿಸ್ಕತ್ತಿಗೆ ಎಷ್ಟು? ನಾನು ಓದಿ ಮುಗಿಸುವ ಮೊದಲೇ, "ಎರಡೂವರೆ ಪಾಲು, 375" ಎಂದರು. ಪೆನ್ನು ಎತ್ತಿಕೊಂಡೂ ಇರಲಿಲ್ಲ. ಆಮೇಲೆ ತಾವೇ ಬೆರಗಾಗಿ, "ಇದು ಅಡುಗೆಮನೆ ಲೆಕ್ಕ ಅಲ್ಲವೇ ಮೇಡಂ?" ಎಂದು ಕೇಳಿದರು. ಅದೇ ಪುಟದ ಬೀಜಗಣಿತದ ಪ್ರಶ್ನೆಗೆ ಬಂದಾಗ ಮಾತ್ರ ಆಕೆಯ ಉಸಿರು ಬದಲಾದದ್ದು ನನಗೆ ಇಲ್ಲಿಗೂ ಕೇಳಿಸಿತು. ಅಂದರೆ ಗೊತ್ತಿಲ್ಲದ್ದು ಇಡೀ ಗಣಿತವಲ್ಲ, ಅದರ ಕೆಲವು ಭಾಗಗಳು ಮಾತ್ರ. ಇಪ್ಪತ್ತು ವರ್ಷದಿಂದ ಆಕೆ ಎರಡನ್ನೂ ಒಂದೇ ಎಂದುಕೊಂಡಿದ್ದರು.

ಇನ್ನು ನಾನು ಕೊಟ್ಟ ಸಲಹೆಯ ವಿಷಯ. ಸಂಸ್ಥೆ ಎರಡು ದಾರಿ ಕೊಟ್ಟಿತ್ತು. ಖಾಸಗಿ ಸಮಾನತಾ ಪರೀಕ್ಷೆ ಸುಲಭದ ದಾರಿ. ಕೆಲವೇ ವಾರಗಳಲ್ಲಿ ಮನೆಯಲ್ಲೇ ತಯಾರಾಗಿ, ಒಂದು ದಿನ ಬರೆದು ಮುಗಿಸಬಹುದು. ನಾನು ಜಿಸಿಎಸ್‌ಇಯನ್ನೇ ಬರೆಯಿರಿ ಎಂದೆ. ಈ ಪ್ರಕರಣವನ್ನು ಹೆಸರಿಲ್ಲದೆ ಚರ್ಚಿಸಿದಾಗ ಇಬ್ಬರು ಸಹೋದ್ಯೋಗಿಗಳು ನನ್ನನ್ನು ಒಪ್ಪಲಿಲ್ಲ. ಮೂವತ್ತೇಳು ವರ್ಷದ ಹೆಣ್ಣುಮಗಳಿಗೆ, ಕೆಲಸ, ಮನೆ, ಮಗು ಎಲ್ಲ ಇರುವವರಿಗೆ, ಇನ್ನೊಂದು ವರ್ಷದ ಪರೀಕ್ಷೆ ಹೇರುವುದು ಸಲಹೆಗಾರ್ತಿಯ ಹಟವೇ ಹೊರತು ಅಭ್ಯರ್ಥಿಯ ಹಿತವಲ್ಲ ಎಂಬುದು ಅವರ ವಾದ. ಅವರ ಮಾತಿನಲ್ಲಿ ಹುರುಳಿದೆ. ಗಡುವು ಹತ್ತಿರವಿರುವ ಎಷ್ಟೋ ಜನರಿಗೆ ನಾನೇ ಸಮಾನತಾ ಪರೀಕ್ಷೆಯನ್ನು ಸೂಚಿಸಿದ್ದೇನೆ. ಆದರೆ ಈ ಪ್ರಕರಣದಲ್ಲಿ ನನ್ನ ಕಾರಣಗಳು ಬೇರೆ ಇದ್ದವು. ಸಮಾನತಾ ಪರೀಕ್ಷೆಯ ಪತ್ರವನ್ನು ಒಂದು ಸಂಸ್ಥೆ ಒಪ್ಪುತ್ತದೆ, ಇನ್ನೊಂದು ಒಪ್ಪುವುದಿಲ್ಲ; ಆ ಸಂಸ್ಥೆಯಲ್ಲಿ ಸೀಟು ಸಿಗದಿದ್ದರೆ ಆ ಪತ್ರ ಕೈಯಲ್ಲೇ ಉಳಿಯಬಹುದು. ಜಿಸಿಎಸ್‌ಇ ಪ್ರಮಾಣಪತ್ರವನ್ನು ಪ್ರಶ್ನಿಸುವವರು ಯಾರೂ ಇಲ್ಲ, ಅದಕ್ಕೆ ಅವಧಿಯೂ ಇಲ್ಲ. ಖರ್ಚಿನ ಲೆಕ್ಕವೂ ಇತ್ತು. ಹತ್ತೊಂಬತ್ತು ದಾಟಿದ, ಗಣಿತದಲ್ಲಿ ಆ ಮಟ್ಟ ಮುಟ್ಟದ, ಕಾಯಂ ವಾಸದ ಹಕ್ಕಿದ್ದು ಮೂರು ವರ್ಷ ಅಲ್ಲೇ ನೆಲೆಸಿರುವ ವಯಸ್ಕರಿಗೆ ಇಂಗ್ಲೆಂಡಿನ ಕಾಲೇಜುಗಳಲ್ಲಿ ಜಿಸಿಎಸ್‌ಇ ಗಣಿತದ ಸಂಜೆ ತರಗತಿ ಉಚಿತ. ಈ ವಿಷಯ ನಮ್ಮವರಲ್ಲಿ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಇದೆಲ್ಲಕ್ಕಿಂತ ದೊಡ್ಡ ಕಾರಣವೊಂದಿತ್ತು. ಗಣಿತಕ್ಕೆ ಹೆದರುವ ಶಿಕ್ಷಕಿ ಆ ಹೆದರಿಕೆಯನ್ನು ಮಕ್ಕಳಿಗೆ ಕಲಿಸಿಯೇ ಕಲಿಸುತ್ತಾಳೆ, ತನಗೆ ಗೊತ್ತಿಲ್ಲದಂತೆ. ಆ ಮೇಜಿನ ಸುತ್ತ ಕುಳಿತ ಐದು ಮಕ್ಕಳಿಗಾಗಿ ಆಕೆ ಬೀಜಗಣಿತದ ಆ ಪುಟವನ್ನು ನಿಧಾನವಾಗಿ, ಒಬ್ಬ ಒಳ್ಳೆಯ ಶಿಕ್ಷಕರ ಪಕ್ಕದಲ್ಲಿ ಕುಳಿತು ದಾಟಬೇಕಿತ್ತು. ಈ ನಂಬಿಕೆಯನ್ನು ನಾನು ಬದಲಿಸಿಕೊಂಡಿಲ್ಲ.

ಅರ್ಜಿಯ ವಿಷಯದಲ್ಲಿ ಇನ್ನೊಂದು ಮಾತನ್ನು ಆಕೆಗೆ ಹೇಳಿದೆ, ಅದು ಎಲ್ಲರಿಗೂ ಅನ್ವಯಿಸುತ್ತದೆ. ಶಾಲಾ ಅರ್ಹತೆ ಇಲ್ಲ ಎಂದರೆ ಅರ್ಜಿಯನ್ನೇ ಹಾಕಬಾರದು ಎಂದು ನಮ್ಮವರು ತಿಳಿದಿರುತ್ತಾರೆ. ಅಲ್ಲಿನ ಶಿಕ್ಷಣ ಇಲಾಖೆಯ ಅರ್ಜಿಯಲ್ಲಿ, ಗಣಿತದ ಅರ್ಹತೆ ನನ್ನಲ್ಲಿ ಇನ್ನೂ ಇಲ್ಲ ಎಂದು ಗುರುತಿಸಿ, ಅದಕ್ಕಾಗಿ ಏನು ಮಾಡುತ್ತಿದ್ದೇನೆಂದು ಬರೆಯಲು ಅವಕಾಶವಿದೆ. ತರಬೇತಿ ಆರಂಭವಾಗುವ ಮೊದಲು ಆ ಅರ್ಹತೆ ಪಡೆಯಬೇಕೆಂಬ ಷರತ್ತಿನ ಮೇಲೆ ಸೀಟು ಕೊಡುವ ಸಂಸ್ಥೆಗಳೂ ಇವೆ. ಇಲ್ಲದ್ದನ್ನು ಇಲ್ಲ ಎಂದು ಬರೆಯುವುದಕ್ಕೇ ಒಂದು ಜಾಗವಿರುವಾಗ, ಅಲ್ಲಿ ಸುಳ್ಳು ಬರೆಯುವ ಅಥವಾ ಖಾಲಿ ಬಿಡುವ ಅಗತ್ಯ ಯಾರಿಗೂ ಇಲ್ಲ. ಸಂಸ್ಥೆಗೆ ಬರೆಯುವಾಗ ಎರಡೂ ಅಂಕಪಟ್ಟಿಗಳನ್ನು ಲಗತ್ತಿಸಿ ಎಂದೆ. ಅವರು ಕೇಳಿರಲಿಲ್ಲ, ಆದರೂ ಲಗತ್ತಿಸಿ ಎಂದೆ.

ಗಂಡನಿಗೆ ಹೇಳಬೇಕೇ ಎಂದು ಆಕೆ ಕೇಳಿದರು. ನಾನು ಹೇಳಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅದು ನಿಮ್ಮ ಸಂಸಾರದ ಮಾತು, ಯಾವಾಗ ಹೇಳಬೇಕೆಂಬುದನ್ನು ನೀವೇ ತೀರ್ಮಾನಿಸಿ ಎಂದೆ. ಪುಸ್ತಕದಲ್ಲಿ ಹೇಳಿರುವ ಪ್ರಕಾರ ಅದು ಸರಿಯಾದ ಉತ್ತರ. ಆಕೆಗೆ ಅದು ಸಾಕಾಗಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಸೆಪ್ಟೆಂಬರಿನಲ್ಲಿ ಆಕೆ ಸಂಜೆ ತರಗತಿಗೆ ಸೇರಿದರು. ಗಂಡನಿಗೆ, ಶಾಲೆಯವರೇ ಗಣಿತ ಓದಲು ಕಳುಹಿಸುತ್ತಿದ್ದಾರೆ ಎಂದು ಹೇಳಿದ್ದರು. ಜಿಸಿಎಸ್‌ಇಯ ಮುಖ್ಯ ಪರೀಕ್ಷೆ ಮೇ ಮತ್ತು ಜೂನ್ ತಿಂಗಳಲ್ಲಿ. ಗಣಿತ ಮತ್ತು ಇಂಗ್ಲಿಷಿಗೆ ಮಾತ್ರ ನವೆಂಬರಿನಲ್ಲೂ ಒಂದು ಸಲ ನಡೆಯುತ್ತದೆ. ಕಾಲೇಜಿನ ಶಿಕ್ಷಕಿ ಜೂನ್‌ವರೆಗೆ ಕಾಯೋಣ ಎಂದರು. ನವೆಂಬರಿನಲ್ಲಿ ಬರೆದರೆ ಜನವರಿಯಲ್ಲಿ ಫಲಿತಾಂಶ ಬರುತ್ತದೆ, ಈ ಸಲದ ಅರ್ಜಿಗೇ ಸಮಯವಿರುತ್ತದೆ ಎಂದು ನಾನು ಅವಸರ ಮಾಡಿದೆ. ಎರಡು ತಿಂಗಳ ಓದಿನ ಮೇಲೆ ಆಕೆಯನ್ನು ಪರೀಕ್ಷಾ ಕೋಣೆಗೆ ಕಳುಹಿಸಿದ್ದು ನನ್ನ ತಪ್ಪು. ಗ್ರೇಡು 3 ಬಂತು. ಬೇಕಾದದ್ದಕ್ಕೆ ಒಂದು ಕಡಿಮೆ. ಆ ಪತ್ರ ಮನೆಗೆ ಅಂಚೆಯಲ್ಲಿ ಬಂದ ದಿನ ಗಂಡ ಮನೆಯಿಂದಲೇ ಕೆಲಸ ಮಾಡುತ್ತಿದ್ದರು; ಲಕೋಟೆ ಒಡೆದವರು ಅವರೇ.

ಆ ಸಂಜೆ ಆಕೆ ಎಲ್ಲವನ್ನೂ ಹೇಳಿದರು. ಇಂಥ ಕಡೆ ಗಂಡಂದಿರು ಅಂಕದ ಬಗ್ಗೆ ಕೆಣಕುತ್ತಾರೆ ಎಂಬ ಭಯಕ್ಕೆ ನಾನು ಆಕೆಯನ್ನು ಸಿದ್ಧಪಡಿಸಿದ್ದೆ. ಆತ ಅಂಕದ ಮಾತೇ ಆಡಲಿಲ್ಲವಂತೆ. ಎರಡು ದಿನ ಏನೂ ಮಾತಾಡದೆ, ಮೂರನೆಯ ದಿನ, "ಹದಿನಾಲ್ಕು ವರ್ಷ ನನ್ನನ್ನು ಅಂಥವನು ಅಂದುಕೊಂಡಿದ್ದೆಯಾ?" ಎಂದಷ್ಟೇ ಕೇಳಿದರಂತೆ. ಆ ಪ್ರಶ್ನೆಗೆ ಆಕೆಯ ಬಳಿ ಉತ್ತರವಿರಲಿಲ್ಲ. ನಾನೂ ಅದನ್ನು ಊಹಿಸಿರಲಿಲ್ಲ. ಮುಚ್ಚಿಟ್ಟದ್ದರ ಭಾರ ಮುಚ್ಚಿಟ್ಟವರ ಮೇಲೆ ಮಾತ್ರ ಇರುತ್ತದೆ ಎಂದುಕೊಂಡು, ಎದುರಿಗಿರುವ ಮನುಷ್ಯನಿಗೂ ಅದು ನೋವು ಕೊಡುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಈಗ ಇಂಥ ಪ್ರಕರಣಗಳು ಬಂದರೆ, ಹೇಳುವುದೋ ಬಿಡುವುದೋ ನಿಮ್ಮ ಇಷ್ಟ ಎಂದು ಹೇಳಿ ಸುಮ್ಮನಾಗುವುದಿಲ್ಲ. ಹೇಳಿದರೆ ಅವರಿಗೆ ಏನನ್ನಿಸಬಹುದು, ನೀವು ಹೇಳದೆ ಅದು ಬೇರೆ ದಾರಿಯಲ್ಲಿ ತಿಳಿದರೆ ಏನನ್ನಿಸಬಹುದು ಎಂಬ ಎರಡನ್ನೂ ಕೂತು ಮಾತನಾಡುತ್ತೇನೆ. ಆಮೇಲಿನ ಎರಡು ಭೇಟಿಗಳಿಗೆ ಗಂಡನೂ ಬಂದರು. ಅಲ್ಲಿ ಏನು ಮಾತಾಯಿತೆಂಬುದು ಅವರಿಬ್ಬರದೇ.

ಜೂನ್ ಪರೀಕ್ಷೆಗೆ ಮಾತ್ರ ನಾನು ಯಾವ ಗಡುವನ್ನೂ ಹೇಳಲಿಲ್ಲ. ಕಾಲೇಜಿನ ಶಿಕ್ಷಕಿ ಹೇಳಿದಂತೆ ನಡೆಯಲಿ ಎಂದೆ. ವಾರಕ್ಕೆ ಎರಡು ಸಂಜೆ ತರಗತಿ, ಭಾನುವಾರ ಬೆಳಿಗ್ಗೆ ಗಂಡನ ಜೊತೆ ಊಟದ ಮೇಜಿನಲ್ಲಿ ಸಮೀಕರಣಗಳು. ಬೀಜಗಣಿತವನ್ನು ತಕ್ಕಡಿಯಂತೆ ಕಾಣಬೇಕು, ಒಂದು ತಟ್ಟೆಯಿಂದ ತೆಗೆದದ್ದನ್ನು ಇನ್ನೊಂದರಿಂದಲೂ ತೆಗೆಯಬೇಕು ಎಂದು ಆ ಶಿಕ್ಷಕಿ ತೋರಿಸಿದ ದಿನ, ಸಂತೆಯಲ್ಲಿ ತೂಕದ ಬಟ್ಟು ಕಮ್ಮಿಯಿದ್ದಾಗ ಅಜ್ಜಿ ಮಾಡುತ್ತಿದ್ದ ಲೆಕ್ಕವೇ ಇದು ಎಂದು ಆಕೆ ನನಗೆ ಸಂದೇಶ ಕಳುಹಿಸಿದ್ದರು. ಪರೀಕ್ಷೆಯ ದಿನಗಳಲ್ಲಿ ಹದಿನಾರು ವರ್ಷದ ಮಕ್ಕಳ ಸಾಲಿನಲ್ಲಿ, ಸಂಖ್ಯೆ ಅಂಟಿಸಿದ ಪುಟ್ಟ ಮೇಜಿನಲ್ಲಿ ಕುಳಿತು ಮೂರು ಪತ್ರಿಕೆಗಳನ್ನೂ ಬರೆದರು. ಆಗಸ್ಟಿನಲ್ಲಿ ಗ್ರೇಡು 4 ಬಂತು.

ಅಕ್ಟೋಬರಿನಲ್ಲಿ ಹೊಸ ವರ್ಷದ ಅರ್ಜಿಗಳು ತೆರೆದಾಗ ಆಕೆ ಮೂರು ಸಂಸ್ಥೆಗಳಿಗೆ ಹಾಕಿದರು. ಹಿಂದೆ ಮೂರು ಸಾಲಿನ ಉತ್ತರ ಬರೆದಿದ್ದ ಸಂಸ್ಥೆಯೂ ಅದರಲ್ಲಿತ್ತು. ಸಂದರ್ಶನಕ್ಕೆ ಮೊದಲು ಕರೆದವರು ಅವರೇ. ಹೋಗುವ ಹಿಂದಿನ ದಿನ ಆಕೆ ಕರೆ ಮಾಡಿದ್ದು ಒಂದೇ ಪ್ರಶ್ನೆ ಕೇಳಲು. ಮೂಲ ದಾಖಲೆಗಳನ್ನು ತರಬೇಕೆಂದಿದ್ದಾರೆ, ಜಿಸಿಎಸ್‌ಇ ಪ್ರಮಾಣಪತ್ರವಿದ್ದ ಮೇಲೆ ಎಸೆಸೆಲ್ಸಿಯದು ಒಂದನ್ನು ತೆಗೆದುಕೊಂಡು ಹೋದರೆ ಸಾಕೋ, ಎರಡೂ ಬೇಕೋ ಎಂದು. ಇಂಗ್ಲಿಷ್ ಮತ್ತು ವಿಜ್ಞಾನದ ಅಂಕಗಳಿಗೆ ಅವರು ಒಪ್ಪಿರುವುದು ಆ ಅಂಕಪಟ್ಟಿಯನ್ನೇ ನೋಡಿ, ಆದ್ದರಿಂದ ಎರಡೂ ಇರಲಿ ಎಂದೆ. "ಎರಡೂ ಒಂದೇ ಫೈಲಿನಲ್ಲಿದೆ ಮೇಡಂ, ನಮ್ಮನೆಯವರು ನಿನ್ನೆಯೇ ಜೋಡಿಸಿಟ್ಟಿದ್ದಾರೆ" ಎಂದು ಹೇಳಿ, ಮಗಳನ್ನು ಕರೆತರುವ ಹೊತ್ತಾಯಿತೆಂದು ಕರೆ ಮುಗಿಸಿದರು.